ಓರೆ ಗರಿ, ಸುತ್ತು ಗರಿ

ಮದುವೆಯಾಗಿ ಅಂಬಾಜಿದುರ್ಗದ ತಪ್ಪಲಿನ ಹಳ್ಳಿಗೆ ಬಂದ ಹೊಸದರಲ್ಲಿ ಶಿರೀಷಾಳಿಗೆ ಗಂಡನ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಮೋಹನ್‌ಬಾಬು ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಇನ್ನೊಂದು, ಅವನಿಗೆ ಬಿಲ್ಲುಬಾಣದ ಹುಚ್ಚು. ಮೊದಲನೆಯದನ್ನು ಹೆಣ್ಣು ನೋಡಲು ಬಂದ ದಿನವೇ ಮಾವ ವೆಂಕಟರಾಮಪ್ಪನವರು ಹೆಮ್ಮೆಯಿಂದ ಹೇಳಿದ್ದರು. ಎರಡನೆಯದನ್ನು ಅತ್ತೆ ಅಮ್ಮಾಜಮ್ಮ, ಮನೆಯಲ್ಲಿ ಯಾರಿಗೋ ಇರುವ ಕಾಯಿಲೆಯ ವಿಷಯ ತಿಳಿಸುವವರ ಹಾಗೆ, ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದರು. ಕುಡಿಯಲ್ಲ, ಇಸ್ಪೀಟು ಮುಟ್ಟಲ್ಲ, ಇದೊಂದು ಐತೆ ನೋಡಮ್ಮ, ನೀನೇ ಸಹಿಸ್ಕೋಬೇಕು ಅಂತ.

ಶಿರೀಷಾ ಶಿಡ್ಲಘಟ್ಟ ತಾಲ್ಲೂಕಿನವಳು. ಅಪ್ಪ ಎರ್ರಪ್ಪ ರೇಷ್ಮೆಹುಳು ಸಾಕಿಕೊಂಡೇ ಹೆಣ್ಣುಮಕ್ಕಳನ್ನು ಓದಿಸಿದವರು. ಬಿ.ಎ. ಮುಗಿಸಿದ್ದಳು, ನಿಜ. ಆದರೆ ಅವಳ ಕೈಗಳು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಹಸು ಕರೆದು ಬೆಳೆದ ಕೈಗಳು. ಗಂಡನ ಮನೆಗೆ ಬಂದ ಮೇಲೂ ಸೀಮೆಹಸುಗಳ ಹಾಲು ಕರೆದು ಡೈರಿಗೆ ಹಾಕುವುದು ಅವಳ ಪಾಲಿಗೇ ಬಂತು. ಆ ಕೆಲಸ ಅವಳಿಗೆ ಭಾರ ಅನ್ನಿಸಲಿಲ್ಲ.

ಅವನು ಬಾಣ ಬಿಡುವುದನ್ನು ಅವಳು ಮೊದಲು ನೋಡಿದ್ದು ಚಿಕ್ಕಬಳ್ಳಾಪುರದಲ್ಲಿ. ಜಿಲ್ಲೆಯ ಮಟ್ಟದ ಯಾವುದೋ ಸ್ಪರ್ಧೆ. ಹೊಸ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಬಿಲ್ಲಿನ ಚೀಲವನ್ನು ಅವಳ ತೊಡೆಯ ಮೇಲಿಟ್ಟು ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ಅವನು ಒಂದು ಕಡೆ ಕೂರುವ ಜಾತಿಯವನಲ್ಲ. ಊಟಕ್ಕೆ ಕೂತರೂ ಮಂಡಿ ಕುಣಿಸುತ್ತಿರುತ್ತಿದ್ದ, ಮಾತಿನ ನಡುವೆ ಎದ್ದು ಹೋಗಿಬಿಡುತ್ತಿದ್ದ. ಅಂಥವನು ಆ ದಿನ ಮೈದಾನದಲ್ಲಿ ಎಡಗೈಯಲ್ಲಿ ಬಿಲ್ಲೆತ್ತಿ, ಬಲಗೈಯ ಬೆರಳುಗಳಲ್ಲಿ ಹೆದೆಯನ್ನು ಗಲ್ಲದವರೆಗೆ ಎಳೆದು ನಿಂತಾಗ ಅವನ ಮೈಯಲ್ಲಿದ್ದ ಓಡಾಟವೆಲ್ಲ ಒಮ್ಮೆಗೇ ನಿಂತುಹೋಯಿತು. ಬೀಸುತ್ತಿದ್ದ ಗಾಳಿಯಲ್ಲಿ ಅಂಗಿ ಅಲ್ಲಾಡುತ್ತಿತ್ತು, ಅವನು ಮಾತ್ರ ಅಲ್ಲಾಡುತ್ತಿರಲಿಲ್ಲ. ಬಾಣ ಹೋದದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಎಲ್ಲರೂ ಗುರಿಯ ಕಡೆ ನೋಡುತ್ತಿದ್ದರೆ ಶಿರೀಷಾ ಗಂಡನನ್ನೇ ನೋಡುತ್ತಿದ್ದಳು. ಇವನನ್ನೇ ಅಲ್ಲವೇ ನಾನು ಮದುವೆಯಾಗಿದ್ದು ಎಂದು ಅವಳಿಗೆ ಅನ್ನಿಸಿದ್ದು ಅವತ್ತು. ತಾಳಿ ಕಟ್ಟಿದ ದಿನ ಹಾಗೆ ಅನ್ನಿಸಿರಲಿಲ್ಲ.

ಬಿಲ್ಲೆತ್ತುತ್ತಿದ್ದ ಆ ಎಡತೋಳು ಹೋಗಿ ಈಗ ನಾಲ್ಕು ವರ್ಷದ ಮೇಲಾಯಿತು. ಶಾಲೆಯಿಂದ ಬರುತ್ತಿದ್ದಾಗ ಬೆಟ್ಟದ ಕಡೆಯ ತಿರುವಿನಲ್ಲಿ ನಾಯಿ ಅಡ್ಡ ಬಂತು. ಬೈಕು ಒಂದು ಕಡೆ, ಅವನು ಒಂದು ಕಡೆ. ಮೂಳೆ ಮುರಿದಿರಲಿಲ್ಲ ಎಂದು ಮೊದಲು ಎಲ್ಲರೂ ಸಮಾಧಾನಪಟ್ಟರು. ಆಮೇಲೆ ಬೆಂಗಳೂರಿನ ಡಾಕ್ಟರು, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಎಳೆತಕ್ಕೆ ಸಿಕ್ಕಿ ಹರಿದಿವೆ ಎಂದರು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮವೂ ಆಯಿತು. ಬೆರಳುಗಳಿಗೆ ಜೀವ ಬಂತು. ಎಡಗೈಯನ್ನು ಮೇಜಿನ ಮೇಲೆ ಊರಿ ಕೂತರೆ ಸೂಜಿಗೆ ದಾರ ಕೂಡ ಪೋಣಿಸಬಲ್ಲ. ಆದರೆ ಹೆಗಲಿನಿಂದ ಆ ತೋಳು ಮೇಲೇಳಲಿಲ್ಲ. ನಡೆಯುವಾಗ ಅದು ಜೋತಾಡುವುದು ಯಾರಿಗೂ ಕಾಣಬಾರದೆಂದು ಅವನು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡ. ಶಾಲೆಯವರು ಬಿಡಲಿಲ್ಲ, ಮೈದಾನದಿಂದ ಕರೆದು ಆಫೀಸಿನಲ್ಲಿ ಒಂದು ಕುರ್ಚಿ ಕೊಟ್ಟರು. ಹೋಗಿ ಬರುವುದು ಶಾಲೆಯ ವ್ಯಾನಿನಲ್ಲಿ.

ಸಂಜೆ ಮನೆಗೆ ಬಂದರೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಬಾಣ ಕಟ್ಟಲು ಕೂರುತ್ತಿದ್ದ. ಮೊದಲೂ ತನ್ನ ಬಾಣಗಳನ್ನು ತಾನೇ ಕಟ್ಟಿಕೊಳ್ಳುತ್ತಿದ್ದವನು. ಈಗ ಬಿಡುವುದು ತಪ್ಪಿದ ಮೇಲೆ ಕಟ್ಟುವುದೊಂದೇ ಉಳಿಯಿತು. ಕಡ್ಡಿಯನ್ನು ಅಳತೆಗೆ ಕೊಯ್ದು, ತುದಿಗೆ ಮೊನೆ ಹಾಕಿ, ಹಿಂಬದಿಗೆ ಹೆದೆ ಕೂರುವ ಕಚ್ಚು ಸಿಕ್ಕಿಸಿ, ಕೊನೆಗೆ ಮೂರು ಗರಿ ಅಂಟಿಸುವುದು. ಗರಿಗಳು ಕೈವಾರದ ಕಡೆ ಟರ್ಕಿ ಕೋಳಿ ಸಾಕಿರುವ ಆವುಲಪ್ಪನ ತೋಟದಿಂದ ಬರುತ್ತಿದ್ದವು. ಕಟ್ಟಿದ ಬಾಣಗಳು ಬಾಗಿಲ ಹಿಂದಿನ ಪಿ.ವಿ.ಸಿ. ಪೈಪುಗಳಲ್ಲಿ ನಿಂತುಕೊಳ್ಳುತ್ತಿದ್ದವು. ಯಾರಿಗೂ ಕೊಡುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

ಶಿರೀಷಾ ಹಾಲಿನ ಕ್ಯಾನು ತೊಳೆದಿಟ್ಟು ಬಂದು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಗರಿ ಅಂಟಿಸುವುದರಲ್ಲಿ ಎರಡು ಬಗೆ ಎಂದು ಅವನು ಹೇಳಿಕೊಟ್ಟದ್ದು ಆ ದಿನಗಳಲ್ಲೇ. ಗರಿಯನ್ನು ನೆಟ್ಟಗೇ ಇಟ್ಟು, ಕಡ್ಡಿಗೆ ಒಂದಿಷ್ಟು ಓರೆಯಾಗಿ ಕೂರಿಸುವುದು ಒಂದು. ಅದಕ್ಕೆ ಇಂಗ್ಲಿಷಿನಲ್ಲಿ ಆಫ್‌ಸೆಟ್ ಅಂತಾರೆ, ನಾವು ಓರೆ ಅನ್ನೋಣ ಅಂದ. ಗರಿಯನ್ನೇ ಬಾಗಿಸಿ, ಕಡ್ಡಿಯ ಮೈಮೇಲೆ ಬಳ್ಳಿ ಹಬ್ಬಿದ ಹಾಗೆ ಸುತ್ತಿಸಿ ಅಂಟಿಸುವುದು ಇನ್ನೊಂದು. ಅದು ಹೆಲಿಕಲ್, ಅಂದರೆ ಸುತ್ತು. ಸುತ್ತು ಗರಿ ಹಾಕಿದರೆ ಬಾಣ ಬಿಲ್ಲು ಬಿಟ್ಟ ಕೂಡಲೇ ಗಿರಗಿರನೆ ತಿರುಗಿ ಬೇಗ ನೆಟ್ಟಗಾಗುತ್ತದೆ, ಆದರೆ ಗಾಳಿಯನ್ನು ಹೆಚ್ಚು ಹಿಡಿಯುತ್ತದೆ, ದೂರ ಹೋದಂತೆ ವೇಗ ಸಾಯುತ್ತದೆ. ಓರೆ ಗರಿ ನಿಧಾನವಾಗಿ ತಿರುಗಿಸುತ್ತದೆ, ವೇಗ ಉಳಿಸುತ್ತದೆ. ಬಿಲ್ಲು ಗಟ್ಟಿಯಿದ್ದು, ಬಿಡುವ ಕೈ ಚೊಕ್ಕವಾಗಿದ್ದರೆ ಓರೆಯೇ ಸಾಕು. ತಾನು ಮೊದಲಿನಿಂದಲೂ ಓರೆಯವನು ಅಂದ. ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತ್ತು. ಆಮೇಲೆ ಕೈಲಿದ್ದ ಬಾಣವನ್ನು ಪೈಪಿಗೆ ಇಳಿಸಿ, ಕೈ ಒರೆಸಿಕೊಂಡು, ಎದ್ದು ಹೊರಗೆ ಹೋದ.

ಹೊಸದಾಗಿ ಕಟ್ಟಿದ ಬಾಣ ಸರಿಯಾಗಿ ಹೋಗುತ್ತದೋ ಇಲ್ಲವೋ ತಿಳಿಯುವುದು ಹೇಗೆ ಎಂದು ಒಂದು ದಿನ ಅವಳು ಕೇಳಿದಳು. ಬಿಟ್ಟು ನೋಡಿದರೇನೇ ತಿಳಿಯುವುದು ಎಂದ. ಹಾಗಾದರೆ ಈ ಪೈಪುಗಳಲ್ಲಿರುವುದರ ಬಗ್ಗೆ ಏನೂ ಗೊತ್ತಿಲ್ಲವೇ ಅಂದಳು. ಮೂಲೆಯಲ್ಲಿ ಶಾಲೆಯ ಹಳೆಯ ಬಿಲ್ಲೊಂದಿತ್ತು, ಮಕ್ಕಳಿಗೆ ಕಲಿಸಲೆಂದು ತಂದದ್ದು, ಹಗುರದ್ದು. ಶಿರೀಷಾ ಅದನ್ನು ಎತ್ತಿಕೊಂಡು ಬಂದು ಅವನ ಮುಂದೆ ನಿಂತಳು.

"ನಾನು ಬಿಡ್ತೀನಿ. ನೀವು ನೋಡಿ."

ರಾಗಿ ಕೊಯ್ದು ಹೊಲ ಬಯಲಾಗಿದ್ದ ಕಾಲ. ಕಣದ ಆಚೆ ಹುಲ್ಲಿನ ಪೆಂಡಿಗಳನ್ನು ಒಂದರ ಮೇಲೊಂದು ಪೇರಿಸಿ ಗುರಿ ಮಾಡಿಕೊಂಡರು. ಅವಳ ಪಾದ ಎಲ್ಲಿರಬೇಕು, ಹೆಗಲು ಎಷ್ಟು ಇಳಿಯಬೇಕು, ಹೆದೆ ಗಲ್ಲದ ಯಾವ ಜಾಗಕ್ಕೆ ತಾಕಬೇಕು, ಎಲ್ಲವನ್ನೂ ಅವನು ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ಹಾಲು ಕರೆದು ಗಟ್ಟಿಯಾದ ಬೆರಳುಗಳಿಗೆ ಹೆದೆ ಎಳೆಯುವುದು ಕಷ್ಟವಾಗಲಿಲ್ಲ. ವೆಂಕಟರಾಮಪ್ಪನವರು ಪಂಪ್‌ಸೆಟ್ಟಿನ ಮನೆಯ ನೆರಳಿನಲ್ಲಿ ಕೂತು ನೋಡುತ್ತಿದ್ದರು. ಅಮ್ಮಾಜಮ್ಮ ಮಾತ್ರ, ಇದು ಅಂಟುಜಾಡ್ಯ ಅಂತ ನನಗೆ ಮೊದಲೇ ಗೊತ್ತಿತ್ತು ಅಂದು, ಇವರ ಮಗಳು ಜಶ್ವಿತಾಳನ್ನು ಒಳಗೆ ಕರೆದುಕೊಂಡು ಹೋದರು.

ಚಳಿಗಾಲದ ಆ ಸಂಜೆಗಳು ಶಿರೀಷಾಳಿಗೆ ಬೇಕೆನಿಸತೊಡಗಿದವು. ಮೂರು ವರ್ಷದಲ್ಲಿ ಅವನು ಅವಳ ಜೊತೆ ಇಷ್ಟು ಮಾತಾಡಿರಲಿಲ್ಲ. ಅವಳು ಹೆದೆ ಎಳೆದು ನಿಂತರೆ ಅವನೂ ಉಸಿರು ಹಿಡಿಯುತ್ತಿದ್ದ. ಅವಳು ಬಿಟ್ಟರೆ ಪಕ್ಕದಲ್ಲಿ ಅವನ ಬಲಗೈ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು, ಹೆದೆ ಅವನದೇ ಕೈಯಿಂದ ಹೋದ ಹಾಗೆ. ಓರೆಗಣ್ಣಲ್ಲಿ ಅದನ್ನು ಕಂಡಾಗಲೆಲ್ಲ ಅವಳು ಇನ್ನೊಂದು ಬಾಣಕ್ಕೆ ಕೈ ಚಾಚುತ್ತಿದ್ದಳು. ಚಿಕ್ಕಬಳ್ಳಾಪುರದ ಮೈದಾನದಲ್ಲಿ ಕಂಡ ಆ ಮನುಷ್ಯನನ್ನು ಇನ್ನೊಂದು ಸಲ ನೋಡಬೇಕೆಂಬ ಆಸೆಯಿಂದಲೇ ತಾನು ಬಿಲ್ಲು ಹಿಡಿದದ್ದು ಎಂದು ಅವಳಿಗೆ ಗೊತ್ತಿತ್ತು. ತನ್ನ ತೋಳನ್ನು ಅವನಿಗೆ ಸಾಲ ಕೊಟ್ಟಿದ್ದೇನೆ, ಅಷ್ಟೇ ಅಂದುಕೊಂಡಿದ್ದಳು.

ಆದರೆ ಬಾಣ ನೆಟ್ಟಗೆ ಹೋಗುತ್ತಿರಲಿಲ್ಲ. ಬಿಲ್ಲು ಬಿಟ್ಟ ಕೂಡಲೇ ಬಾಲ ಆಡಿಸುತ್ತ, ನೀರಹಾವಿನಂತೆ ಬಳುಕುತ್ತ ಹೋಗಿ ಪೆಂಡಿಗೆ ಸೊಟ್ಟಗೆ ಚುಚ್ಚಿಕೊಳ್ಳುತ್ತಿತ್ತು. ಬಿಡುವುದು ಸರಿಯಿಲ್ಲ ಎಂದ. ಅವಳು ಬೆರಳು ತಿದ್ದಿಕೊಂಡಳು. ಹೆಗಲು ಏಳುತ್ತಿದೆ ಎಂದ. ಹೆಗಲು ಇಳಿಸಿದಳು. ಬಾಣ ಬಳುಕುವುದು ನಿಲ್ಲಲಿಲ್ಲ. ಅವನು ಗರಿಯ ಓರೆಯನ್ನು ಒಂದು ಕೂದಲು ಹೆಚ್ಚಿಸಿ, ಒಂದು ಕೂದಲು ತಗ್ಗಿಸಿ ಹೊಸ ಬಾಣಗಳನ್ನು ಕಟ್ಟಿ ತಂದ. ಅವೂ ಹಾಗೇ. ಅವಳು ಹಾಲು ಕರೆಯುವಾಗಲೂ ಬೆರಳು ಬಿಡುವುದನ್ನೇ ಯೋಚಿಸುತ್ತಿದ್ದಳು. ತನ್ನಿಂದ ಅವನಿಗೆ ಇಷ್ಟಾದರೂ ಆಗಬಾರದೇ ಎಂದು ಒಂದೊಂದು ದಿನ ಅಳು ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಬಿಟ್ಟ ಬಾಣಗಳು ಕೂಳೆಯ ನಡುವೆ ಎಲ್ಲೋ ಸೇರಿಕೊಂಡು ಸಿಗಲಿಲ್ಲ. ಅವನು ಹುಡುಕುತ್ತಿದ್ದ. ಇನ್ನೊಂದಿಷ್ಟು ತರೋಣವೆಂದು ಶಿರೀಷಾ ಕೋಣೆಗೆ ಹೋದಳು. ಬಾಗಿಲ ಹಿಂದಿನ ಕೊನೆಯ ಪೈಪಿನಲ್ಲಿ ಕೈಗೆ ಸಿಕ್ಕಿದ್ದು ದೂಳು ಹಿಡಿದ ಒಂದು ಹಳೆಯ ಬಾಣ. ಗರಿಗಳು ಬೇರೆಯವಕ್ಕಿಂತ ದೊಡ್ಡವು, ಕಡ್ಡಿಯ ಮೈಗೆ ಸುತ್ತಿಕೊಂಡ ಹಾಗೆ ಬಾಗಿದ್ದವು. ಅವಳು ಹೆಚ್ಚು ಯೋಚಿಸದೆ ತಂದು ಹೆದೆಗೇರಿಸಿ ಬಿಟ್ಟಳು.

ಸುಯ್ ಎಂದು ಸದ್ದು ಬಂತು. ಅಷ್ಟು ಸದ್ದು ಅವಳ ಬಾಣಗಳಲ್ಲಿ ಎಂದೂ ಬಂದಿರಲಿಲ್ಲ. ಒಂದು ಚೂರು ಅಲ್ಲಾಡಿ, ಕಣ್ಣ ಮುಂದೆಯೇ ತಿರುಗುತ್ತ ನೆಟ್ಟಗಾಗಿ, ಬಾಣ ಪೆಂಡಿಯ ನಡುವಿಗೆ ಹೋಗಿ ನಿಂತಿತು. ಹಿಂಬದಿಯ ಕಚ್ಚು ನೇರ ಅವಳನ್ನೇ ನೋಡುತ್ತಿತ್ತು.

ಮೋಹನ್‌ಬಾಬು ಬಗ್ಗಿದ್ದವನು ತಲೆಯೆತ್ತಿದ. ಹೋಗಿ ಆ ಬಾಣವನ್ನು ಕಿತ್ತುಕೊಂಡ. ಶಾಲೆಯ ಹುಡುಗಿಯರಿಗೆ ಕಟ್ಟಿದ್ದು, ಹಳೇದು, ಅಂಟು ಬಿಟ್ಟಿರುತ್ತೆ, ಇದನ್ನು ಬಳಸಬೇಡ ಎಂದು ಹೇಳಿ ಒಳಗೆ ತೆಗೆದುಕೊಂಡು ಹೋದ. ಅವಳಿಗೆ ಖುಷಿಯಿಂದ ಕೂಗಬೇಕೆನಿಸಿತ್ತು. ಅವನ ಬೆನ್ನು ನೋಡಿ ಬಿಲ್ಲು ಇಳಿಸಿದಳು.

ಮರುದಿನ ಮತ್ತೆ ಓರೆ ಗರಿಯ ಬಾಣಗಳು. ಮತ್ತೆ ಆ ಬಳುಕು. ಬಿಡೋದು ಸರಿಯಿಲ್ಲ ಎಂದು ಅವನು ಎಂದಿನಂತೆ ಹೇಳಿದ. ಶಿರೀಷಾ ಬಿಲ್ಲನ್ನು ಪೆಂಡಿಗೆ ಒರಗಿಸಿಟ್ಟಳು.

"ನಿಮಗೆ ಗೊತ್ತಿತ್ತು ಅಲ್ವಾ?"

ಅವನು ಏನು ಎಂದು ಕೇಳಲಿಲ್ಲ.

"ಗೊತ್ತಿತ್ತು" ಅಂದ. "ಹಗುರದ ಬಿಲ್ಲಿಗೆ, ಹೊಸ ಕೈಗೆ, ಸುತ್ತು ಗರೀನೇ ಹಾಕ್ಬೇಕು. ಮಕ್ಕಳಿಗೆ ಹಂಗೇ ಹಾಕ್ತಿದ್ದೆ."

"ಮತ್ತೆ ನನಗ್ಯಾಕೆ ಹಾಕಲಿಲ್ಲ?"

ಅವನು ಹೊಲದ ಆಚೆ ಕಾಣುವ ಬೆಟ್ಟದ ಕಡೆ ನೋಡುತ್ತಿದ್ದ. "ಹಂಗೆ ಹಾಕಿದ್ರೆ ಅದು ನಿನ್ನ ಬಾಣ ಆಗೋಗುತ್ತೆ" ಅಂದ.

"ಇಷ್ಟು ದಿನ ನಾನು ಬಿಡ್ತಿದ್ದಿದ್ದು ಯಾರ ಬಾಣ?"

ಅವನು ಪೆಂಡಿಯಲ್ಲಿದ್ದ ಬಾಣಗಳನ್ನು ಕೀಳಲು ಹೋದ. ತೋಳನ್ನು ಸಾಲ ಕೊಟ್ಟವಳು ತಾನೇ, ಸಾಲ ತೆಗೆದುಕೊಂಡವನನ್ನು ಬೈಯುವುದು ಹೇಗೆ ಎಂದು ಶಿರೀಷಾಳಿಗೂ ಅನ್ನಿಸಿತು. ಆದರೂ ಕೋಪ ಇಳಿಯಲಿಲ್ಲ. ವಾರಗಟ್ಟಲೆ ತನ್ನ ಬೆರಳನ್ನೇ ದೂರಿಕೊಂಡು ಅತ್ತಿದ್ದು ನೆನಪಾಗಿ, ಅದು ಇನ್ನೂ ಏರಿತು.

ಅದೇ ಹೊತ್ತಿಗೆ ತವರಿನಿಂದ ಫೋನು ಬಂತು. ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದಿವೆ, ಸೊಪ್ಪು ಹಾಕಲು ಕೈ ಸಾಲದು, ನಾಕು ದಿನ ಬಂದು ಹೋಗು ತಾಯಿ ಎಂದು ಅಮ್ಮ ಲಕ್ಷ್ಮಿದೇವಮ್ಮ ಕರೆದರು. ಬೇರೆ ಸಲವಾದರೆ ಹಸುಗಳ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಈ ಸಲ ಹಸುಗಳನ್ನು ಅತ್ತೆಗೆ ಒಪ್ಪಿಸಿ, ಮಗಳನ್ನೂ ಶಾಲೆಯ ಸಲುವಾಗಿ ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

ತವರಿನಲ್ಲಿ ಮೈಮುರಿಯುವ ಕೆಲಸ. ಜ್ವರ ಎದ್ದ ಹುಳುಗಳಿಗೆ ಹೊಟ್ಟೆಯೆಂಬುದು ತಳವಿಲ್ಲದ ಚೀಲ. ಹೊರೆ ಹೊರೆ ಸೊಪ್ಪು ಹಾಸಿದರೂ ಮಳೆ ಹನಿಯುವಂಥ ಸದ್ದು ಮಾಡುತ್ತ ತಿಂದು ಬರೀ ಕಡ್ಡಿ ಉಳಿಸುತ್ತಿದ್ದವು. ಈ ಕೆಲಸದಲ್ಲಿ ಮನಸ್ಸು ಮರೆಯಬಹುದು ಎಂದುಕೊಂಡಿದ್ದ ಶಿರೀಷಾಳಿಗೆ ಸಂಜೆಯಾಗುತ್ತಿದ್ದಂತೆ ಬೆರಳು ತುದಿಗಳು ಜುಮ್ಮೆನ್ನತೊಡಗಿದವು. ಹೆದೆ ಬೇಕು ಅನ್ನಿಸುತ್ತಿತ್ತು. ಎಳೆದು ನಿಂತಾಗ ಕಿವಿಯೊಳಗೆ ಆಗುವ ಆ ಮೌನ ಬೇಕು ಅನ್ನಿಸುತ್ತಿತ್ತು. ಸೊಪ್ಪಿನ ಹೊರೆ ಇಳಿಸಿ ಹಾಗೇ ನಿಂತು ಎಡಗೈ ಚಾಚಿ, ಬಲಗೈಯನ್ನು ಗಲ್ಲಕ್ಕೆ ತಂದುಕೊಂಡಿದ್ದನ್ನು ಅಮ್ಮ ನೋಡಿ ಏನಾಯ್ತೇ ಎಂದು ಕೇಳಿದರು. ತೋಳು ಹಿಡ್ಕೊಂಡಿದೆ ಎಂದು ಸುಳ್ಳು ಹೇಳಿದಳು.

ಅವನಿಗಾಗಿ ಹಿಡಿದದ್ದು ಎಂದುಕೊಂಡಿದ್ದ ಬಿಲ್ಲು ಯಾವಾಗ ತನಗೆ ಬೇಕಾಯಿತೋ ಅವಳಿಗೆ ತಿಳಿಯಲಿಲ್ಲ. ಆ ಒಂದು ಬಾಣ ಸುಯ್ ಎಂದು ಹೋದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅದರ ಜೊತೆಗೇ ಅದನ್ನು ಕಿತ್ತುಕೊಂಡು ಹೋಗುತ್ತಿದ್ದ ಅವನ ಬೆನ್ನೂ ಕಾಣುತ್ತಿತ್ತು. ಇಷ್ಟು ಸಣ್ಣ ಆಸೆಗೇ ತನಗೆ ಹೀಗಾಗುತ್ತಿದ್ದರೆ, ಚಿಕ್ಕ ವಯಸ್ಸಿನಿಂದ ಅದರಲ್ಲೇ ಬೆಳೆದವನಿಗೆ ಹೇಗಿರಬೇಕು ಎಂದು ಅವಳಿಗೆ ಮೊದಲ ಸಲ ಹೊಳೆದದ್ದು ಅಲ್ಲಿ, ಹುಳುಮನೆಯ ಬಾಗಿಲಲ್ಲಿ. ಇಷ್ಟು ವರ್ಷ ಅವನ ಮೇಲೆ ಕನಿಕರಪಟ್ಟಿದ್ದಳು. ಅವನಿಗೆ ಏನು ಬೇಕಾಗಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ.

ಫೋನು ಮಾಡಿದರೆ ಅವನು ಮಗಳ ವಿಷಯ, ಹಸುಗಳ ವಿಷಯ ಹೇಳುತ್ತಿದ್ದ. ಬಾಣದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದು ಸಲ ಅಮ್ಮಾಜಮ್ಮ ಫೋನು ಕಿತ್ತುಕೊಂಡು, "ಏಮ್ಮಾ, ಇವನು ಆ ರೂಮಲ್ಲಿ ಸುಮ್ನೆ ಕೂತಿರ್ತಾನೆ, ಏನೂ ಮಾಡಲ್ಲ. ಬಾಣ ಕಟ್ಟಿದ್ರಾದ್ರೂ ನೆಮ್ಮದಿ ಇತ್ತು ನನಗೆ" ಅಂದರು.

ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟ ಮಾರನೇ ದಿನ ಮಧ್ಯಾಹ್ನ, ಶಿಡ್ಲಘಟ್ಟದ ಕಡೆಯಿಂದ ಬರುವ ಬಸ್ಸು ಊರ ಮುಂದೆ ನಿಂತಿತು. ಬಲಹೆಗಲಿಗೆ ಬಿಲ್ಲಿನ ಚೀಲ ನೇತುಹಾಕಿಕೊಂಡು, ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಮೋಹನ್‌ಬಾಬು ಇಳಿದ. ಅಪಘಾತವಾದ ಮೇಲೆ ಅವನು ಒಬ್ಬನೇ ಬಸ್ಸು ಹತ್ತಿದವನಲ್ಲ. ನಿಂತು ಪ್ರಯಾಣ ಮಾಡಬೇಕಾಗಿ ಬಂದರೆ ಮೇಲಿನ ಕಂಬಿ ಹಿಡಿಯಲು ಒಂದೇ ಕೈ, ಚೀಲಕ್ಕೆ ಕೈಯಿಲ್ಲ ಎಂಬ ಅಂಜಿಕೆ. ಎರ್ರಪ್ಪ ಅಳಿಯಂದಿರು ಬಂದರೆಂದು ಗಡಿಬಿಡಿಯಿಂದ ಎದ್ದರು. ಶಿರೀಷಾ ನೀರಿನ ಚೊಂಬು ಹಿಡಿದು ಎದುರಿಗೆ ನಿಂತಳು. ಒಬ್ಬರೇ ಬಂದಿರಾ ಎಂದಷ್ಟೇ ಕೇಳಲು ಆಯಿತು.

"ನಿಂದೊಂದು ಅಳತೆ ಬೇಕಿತ್ತು" ಅಂದ.

ಹುಳುಮನೆಯ ಹಿಂದೆ ಹುಲ್ಲು ತುಂಬಿದ ಚೀಲವೊಂದನ್ನು ಗೋಡೆಗೆ ಒರಗಿಸಿಟ್ಟು, ಅವನು ಚೀಲದಿಂದ ಹಗುರದ ಬಿಲ್ಲನ್ನೂ ಒಂದು ಕಡ್ಡಿಯನ್ನೂ ತೆಗೆದ. ಕಡ್ಡಿಗೆ ಗರಿಯೇ ಇರಲಿಲ್ಲ. ಹಿಂಬದಿಯ ಕಚ್ಚಿನ ಪಕ್ಕದಲ್ಲಿ ಕಪ್ಪು ಇಂಕಿನ ಒಂದು ಗೆರೆ ಎಳೆದಿತ್ತು. ಗರಿಯಿಲ್ಲದ ಬಾಣ ಕೂಡ ಬಿಲ್ಲು ಬಿಟ್ಟ ಕೂಡಲೇ ತನ್ನಷ್ಟಕ್ಕೆ ಒಂದು ಕಡೆ ತಿರುಗುತ್ತದೆ, ಹೆದೆಯ ಹುರಿ ಯಾವ ಕಡೆಗಿದೆ, ಬಿಡುವ ಬೆರಳು ಹೇಗಿದೆ ಎಂಬುದರ ಮೇಲೆ ಅದು ಹೋಗುತ್ತದೆ ಎಂದು ವಿವರಿಸಿದ. ಅದು ತಿರುಗುವ ಕಡೆಗೇ ಗರಿಯನ್ನೂ ಸುತ್ತಿಸಬೇಕು, ಎದುರು ಸುತ್ತಿಸಿದರೆ ಬಾಣ ಮೊದಲು ನಿಂತು, ಆಮೇಲೆ ತಿರುಗಬೇಕಾಗುತ್ತದೆ. ಹತ್ತಿರದಿಂದ ಬಿಡು ಅಂದ. ಅವಳು ನಾಲ್ಕು ಹೆಜ್ಜೆ ದೂರದಿಂದ ಬಿಟ್ಟಳು. ಅವನು ಹೋಗಿ ಮಂಡಿಯೂರಿ ಕೂತು ಗೆರೆ ಎಲ್ಲಿಗೆ ಬಂದಿದೆ ಎಂದು ನೋಡಿದ. ಇನ್ನೊಂದು ಸಲ ಬಿಡಿಸಿದ. ಮತ್ತೊಂದು ಸಲ.

"ಎಡಕ್ಕೆ ತಿರುಗ್ತಾ ಇದೆ" ಅಂದ. ಕಡ್ಡಿಯನ್ನು ಕೀಳುತ್ತ, "ನಂದು ಬಲಕ್ಕೆ" ಅಂದ.

ಅದರಲ್ಲೊಂದು ತೊಡಕಿತ್ತು. ಎಡಕ್ಕೆ ತಿರುಗಬೇಕಾದರೆ ಕೋಳಿಯ ಎಡರೆಕ್ಕೆಯ ಗರಿಗಳೇ ಬೇಕು, ಎರಡನ್ನೂ ಬೆರೆಸುವಂತಿಲ್ಲ. ಇಷ್ಟು ವರ್ಷ ಅವನು ಕೂಡಿಟ್ಟ ಗರಿಗಳೆಲ್ಲ ಬಲರೆಕ್ಕೆಯವು. ಆವುಲಪ್ಪನಿಗೂ ಬಲರೆಕ್ಕೆಯವನ್ನು ಮಾತ್ರ ಇಡು, ಮಿಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಹಾಕು ಎಂದು ಹೇಳಿಟ್ಟಿದ್ದ. ಇದನ್ನು ಹೇಳುವಾಗ ಅವನಿಗೆ ನಗು ಬಂತು. ಮಕ್ಕಳ ಬಿಲ್ಲುಗಳಿಗೆ ಇದನ್ನೆಲ್ಲ ನೋಡಿಯೇ ಇರಲಿಲ್ಲ, ಇದ್ದ ಗರಿಯನ್ನೇ ಹಾಕುತ್ತಿದ್ದೆ ಎಂದು ಒಪ್ಪಿಕೊಂಡ. ಶಿರೀಷಾಳೂ ನಕ್ಕಳು. ಕ್ಷಮಿಸು ಎಂದು ಅವನು ಹೇಳಲಿಲ್ಲ, ಅವಳೂ ಅದಕ್ಕೆ ಕಾಯುತ್ತಿರಲಿಲ್ಲ.

ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಆದ ಮೇಲೆ ಅವಳು ಊರಿಗೆ ಮರಳಿದಳು. ಬರುವಾಗ ಅಪ್ಪನ ಗುರುತಿನವರ ಹತ್ತಿರ ಒಂದು ಲಡಿ ರೇಷ್ಮೆ ದಾರ ಕೇಳಿ ತಂದಳು. ಗರಿಯ ಮುಂದಿನ ತುದಿ ಮೇಲೆದ್ದರೆ ಬಾಣ ಬಿಡುವಾಗ ಕೈ ಕುಯ್ಯುತ್ತದೆ, ಅಲ್ಲೊಂದು ದಾರದ ಸುತ್ತು ಬೇಕು. ಆವುಲಪ್ಪನ ತೋಟಕ್ಕೆ ಇಬ್ಬರೂ ಹೋದರು. ಮೇಷ್ಟ್ರೇ, ಈಗ ಎಡಗಡೇದು ಬೇಕಾ, ಕೋಳಿಗಳು ಅದನ್ನ ಕೇಳಿ ಉದುರಿಸಲ್ಲ, ಕಾಯ್ಬೇಕು ಎಂದು ಅವನು ತಮಾಷೆ ಮಾಡಿದ. ಕಾದರು. ಗರಿಗಳು ಒಂದೊಂದೇ ಬಂದವು. ಅವುಗಳಲ್ಲಿ ಹರಿದದ್ದು, ಹುಳ ತಿಂದದ್ದು ತೆಗೆದು ಒಳ್ಳೆಯವನ್ನು ಆರಿಸುವಷ್ಟರಲ್ಲಿ ಬೇಸಿಗೆ ಏರಿತ್ತು, ಮಾವಿನ ತೋಪುಗಳಲ್ಲಿ ಕಾಯಿ ತೂಗುತ್ತಿದ್ದವು.

ಅವನು ಕಟ್ಟುವಾಗ ಅವಳು ಪಕ್ಕದಲ್ಲಿ ಕೂತಳು. ಅಂಟಿಸುವಾಗ ಗರಿ ಹಿಡಿದಿಡುವ ನೆಟ್ಟಗಿನ ಕ್ಲ್ಯಾಂಪನ್ನು ಎತ್ತಿಟ್ಟು, ಪೆಟ್ಟಿಗೆಯ ತಳದಿಂದ ಬಾಗಿದ ಕ್ಲ್ಯಾಂಪನ್ನು ಹುಡುಕಿ ತೆಗೆದ. ಅದರ ಬಾಯಿಗೆ ಗರಿ ಕಚ್ಚಿಸಿ, ಅಂಟು ಸವರಿ, ಕಡ್ಡಿಯ ಮೇಲೆ ಇಳಿಸಿದಾಗ ಗರಿ ಮೈ ಬಾಗಿಸಿಕೊಂಡು ಅಪ್ಪಿ ಕೂತಿತು. ಗರಿ ಎಷ್ಟು ಉದ್ದವಿರಲಿ, ದಾರಕ್ಕೆ ಬಣ್ಣ ಬೇಕೇ ಎಂದು ಅವನು ಕೇಳಿದ. ಇದುವರೆಗೆ ಯಾವ ಬಾಣಕ್ಕೂ ಅವಳನ್ನು ಏನೂ ಕೇಳಿರಲಿಲ್ಲ. ಬಣ್ಣ ಬೇಡ, ಗೂಡಿನ ಬಣ್ಣವೇ ಇರಲಿ ಎಂದಳು. ದಾರವನ್ನು ಅವಳೇ ಸುತ್ತಿದಳು.

ಮೊದಲ ಬಾಣ ಬಿಟ್ಟ ಸಂಜೆ ಗಾಳಿಯಿರಲಿಲ್ಲ. ಅವಳು ಎಳೆದು ನಿಂತಳು, ಬಿಟ್ಟಳು. ಬಾಣ ತಿರುಗುತ್ತ ನೆಟ್ಟಗೆ ಹೋಯಿತು. ಎರಡನೆಯದೂ, ಮೂರನೆಯದೂ. ಸಂತೋಷದಿಂದ ಅವಳು ಅವನ ಕಡೆ ತಿರುಗಿದಳು. ಅವನು ಚೆನ್ನಾಗಿದೆ ಎಂದು ತಲೆಯಾಡಿಸಿದ. ನಿಜವಾಗಿಯೂ ಅವನ ಮುಖದಲ್ಲಿ ಸಂತೋಷವಿತ್ತು. ಆದರೆ ಬಲಗೈ ಬೆರಳುಗಳು ಮೊದಲಿನ ಹಾಗೆ ಬಿಚ್ಚಿಕೊಳ್ಳದೆ ಮಡಚಿಕೊಂಡೇ ಇದ್ದವು. ಬಾಣ ಕಿತ್ತು ತರುತ್ತೇನೆಂದು ಹೋದವನು ಪೆಂಡಿಗಳನ್ನು ದಾಟಿ, ಪಂಪ್‌ಸೆಟ್ಟಿನ ಮನೆಯ ಆಚೆ ಹೋಗಿ, ಈ ಕಡೆಗೆ ಬೆನ್ನು ಮಾಡಿ ನಿಂತ. ಶಿರೀಷಾ ಹಿಂದೆ ಹೋಗಲಿಲ್ಲ. ಬಿಲ್ಲಿನ ಹೆದೆ ಇಳಿಸಿ, ಬದುವಿನ ಮೇಲೆ ಕೂತು, ಅವನು ತಾನಾಗಿ ಬರುವವರೆಗೆ ಕಾದಳು. ಅವನು ಬಾಣಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ, ಹಸು ಕರೆಯೋ ಹೊತ್ತಾಯ್ತು ಹೋಗಣ ಅಂದ.

ಆಮೇಲೆ ಅವಳು ಬಿಡುವುದನ್ನು ನಿಲ್ಲಿಸಲಿಲ್ಲ. ಶಾಲೆಯಲ್ಲಿ ಬಿಲ್ಲು ಕಲಿಯುತ್ತಿದ್ದ ಹುಡುಗಿಯರ ಪೈಕಿ ಕೆಲವರು ಭಾನುವಾರ ಹೊಲಕ್ಕೆ ಬರತೊಡಗಿದರು. ಅವರ ಬಿಲ್ಲುಗಳಿಗೂ ಗರಿಯಿಲ್ಲದ ಕಡ್ಡಿ ಬಿಡಿಸಿ ನೋಡಿ, ಅವರವರ ಕೈಗೆ ತಕ್ಕ ಬಾಣ ಕಟ್ಟಿಕೊಡುವುದು ಮೋಹನ್‌ಬಾಬುವಿನ ಕೆಲಸವಾಯಿತು. ಆದರೂ ಆಗಾಗ ಅವನು ನೆಟ್ಟಗಿನ ಕ್ಲ್ಯಾಂಪು ತೆಗೆದು, ಬಲರೆಕ್ಕೆಯ ಗರಿಗಳಿಂದ ಓರೆಯ ಬಾಣವೊಂದನ್ನು ಕಟ್ಟುತ್ತಾನೆ. ಉದ್ದ ಅವನ ತೋಳಿನ ಅಳತೆಯದು. ಅದು ಯಾರಿಗೆ ಎಂದು ಅವಳು ಕೇಳುವುದಿಲ್ಲ. ಅವನು ಅಂಥದ್ದನ್ನು ಕಟ್ಟುತ್ತಿರುವಾಗ ಆ ಕೋಣೆಯ ಕಡೆ ಮಗಳು ಓಡದಂತೆ ನೋಡಿಕೊಳ್ಳುತ್ತಾಳೆ, ಅಷ್ಟೇ.

ಕಳೆದ ದೀಪಾವಳಿಯಾದ ಮೇಲೆ ಗೌರಿಬಿದನೂರಿನ ಒಂದು ಕಾಲೇಜು ಮೈದಾನದಲ್ಲಿ ಬಿಲ್ಲುಗಾರರೆಲ್ಲ ಸೇರಿದ್ದರು. ಸ್ಪರ್ಧೆ ಅನ್ನುವಂಥದ್ದಲ್ಲ, ಬಂದವರು ಬೇಕಾದಷ್ಟು ಬಾಣ ಬಿಟ್ಟು ಹೋಗುವುದು. ಗಂಡಹೆಂಡತಿ ಬೆಳಗಿನ ಬಸ್ಸಿಗೆ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೋದರು. ಶಿರೀಷಾ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾಣ ಬಿಡುವ ಗೆರೆಯ ಮೇಲೆ ನಿಂತಳು. ಚೆನ್ನಾಗಿಯೂ ಬಿಟ್ಟಳು, ಕೆಟ್ಟದಾಗಿಯೂ ಬಿಟ್ಟಳು. ಪಕ್ಕದಲ್ಲಿದ್ದ ಅಲೀಪುರದ ಒಬ್ಬ ಹೆಂಗಸು, ಮಗನನ್ನು ಆಡಿಸಲು ಕರೆತಂದವರು, ಅವಳ ಬಾಣವನ್ನು ಕೈಗೆ ತೆಗೆದುಕೊಂಡು ದಾರದ ಸುತ್ತನ್ನು ಬೆರಳಿನಲ್ಲಿ ಸವರಿ, ಎಷ್ಟು ಚೆಂದ ಕಟ್ಟಿದ್ದಾರೆ, ಎಲ್ಲಿ ಸಿಗುತ್ತೆ ಇಂಥದ್ದು ಎಂದು ಕೇಳಿದರು. ನಮ್ಮನೆಯವರು ಕಟ್ಟೋದು ಎಂದು ಶಿರೀಷಾ ಹಿಂದೆ ಕುರ್ಚಿಯ ಮೇಲೆ ಕೂತಿದ್ದ ಗಂಡನನ್ನು ತೋರಿಸಿದಳು.

ಆ ಹೆಂಗಸು ಅವನ ಹತ್ತಿರ ಹೋಗಿ ಗರಿಗಳ ಬಗ್ಗೆ ವಿಚಾರಿಸಿದರು. ಮಗನ ಬಾಣ ಬಳುಕುತ್ತದೆ ಎಂದರು. ಅವನು ಹುಡುಗನ ಬಿಲ್ಲಿನ ವಿಷಯ ಕೇಳಿ, ಸುತ್ತು ಗರಿ ಯಾಕೆ ಬೇಕು, ಓರೆ ಗರಿ ಯಾವಾಗ ಸಾಕು ಎಂದು ಸಮಾಧಾನವಾಗಿ ತಿಳಿಸಿದ. ಎಲ್ಲ ಕೇಳಿ ಆದ ಮೇಲೆ ಅವರು, "ನೀವೂ ಬಾಣ ಹೊಡೀತೀರಾ ಸಾರ್?" ಅಂದರು.

ಶಿರೀಷಾ ಹೆದೆಗೆ ಬಾಣ ಏರಿಸುತ್ತಿದ್ದವಳು ಕೈ ತಡೆದಳು.

"ಹೊಡೀತಿದ್ದೆ" ಅಂದ ಮೋಹನ್‌ಬಾಬು.

ತೋಳು ಹೋದಂದಿನಿಂದ ಯಾರು ಕೇಳಿದರೂ ಅವನು ಅದನ್ನು ಹೀಗೆ, ಮುಗಿದುಹೋದ ಸಂಗತಿಯಾಗಿ, ಹೇಳಿರಲಿಲ್ಲ. ಈಗ ಸ್ವಲ್ಪ ತೊಂದರೆ ಇದೆ, ನೋಡಣ, ವ್ಯಾಯಾಮ ನಡೀತಿದೆ ಎಂದೇ ಹೇಳುತ್ತಿದ್ದ. ಅವನ ಬಾಯಿಂದ ಈ ಮಾತು ಬಂದರೆ ಅವನ ಮನಸ್ಸು ತಿಳಿಯಾಗುತ್ತದೆ, ಮನೆಗೂ ಒಂದು ನೆಮ್ಮದಿ ಎಂದು ಶಿರೀಷಾ ಎಷ್ಟೋ ಸಲ ಹಾರೈಸಿದ್ದಳು. ಬಂತು. ಕೇಳಿದವರಿಗೆ ಅದೊಂದು ಮಾಮೂಲಿ ಮಾತು. ಆದರೆ ಅವಳಿಗೆ ಆ ಕ್ಷಣ ಅನ್ನಿಸಿದ್ದು ಬೇರೆ. ನೋಡಣ ಅನ್ನಬಾರದಿತ್ತೇ, ಇನ್ನೊಂದೇ ಒಂದು ಸಲ, ಅಂದುಕೊಂಡಳು.

ಗೆರೆಯ ಆ ತುದಿಯಿಂದ ಯಾರೋ ಬಾಣ ಬಿಡಿ ಎಂದು ಕೂಗಿದರು. ಅವಳು ಬಿಲ್ಲೆತ್ತಿದಳು.